ಕಾಂಪೌಂಡ್ ಟರ್ಬೊ: ಎರಡು ಗೇಜುಗಳ ನಡುವಿನ ಬೂಸ್ಟ್ ಲೆಕ್ಕ

ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಗೇಜು 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತೋರಿಸುತ್ತಿದೆ. ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಎರಡು ಟರ್ಬೊಗಳ ನಡುವಿನ ಪೈಪಿಗೆ ಹಾಕಿದ ಗೇಜು 25 ತೋರಿಸುತ್ತಿದೆ. ಹಾಗಾದರೆ ಚಿಕ್ಕ ಟರ್ಬೊ ಎಷ್ಟು ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯೊತ್ತಡ, ಕೊಡುತ್ತಿದೆ? ಹೆಚ್ಚಿನವರು 60ರಲ್ಲಿ 25 ಕಳೆದು 35 ಎಂದುಬಿಡುತ್ತಾರೆ. ಇಲ್ಲಿ ಕಳೆಯುವ ಲೆಕ್ಕ ನಡೆಯುವುದಿಲ್ಲ, ಭಾಗಿಸುವ ಲೆಕ್ಕ ಬೇಕು. ಭಾಗಿಸಿ ನೋಡಿದರೆ, ಅದೇ ಚಿಕ್ಕ ಟರ್ಬೊವನ್ನು ಒಂಟಿಯಾಗಿ ಕಟ್ಟಿ ಬರೀ 13 ಪಿಎಸ್‌ಐ ಹೊಡೆಸಿದಾಗ ಅದರ ಅನುಪಾತ (ಒಳಬಂದ ಒತ್ತಡವನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) ಎಷ್ಟಿರುತ್ತದೋ, ಇಲ್ಲಿಯೂ ಅಷ್ಟೇ ಇದೆ. ಟರ್ಬೊ ಸುಸ್ತಾಗಿದೆಯೋ, ಆರಾಮಾಗಿದೆಯೋ, ಮಿತಿ ಮೀರಿ ತಿರುಗುತ್ತಿದೆಯೋ ಎಂಬ ಪ್ರಶ್ನೆಗೆಲ್ಲ ಉತ್ತರ ಆ ಭಾಗಾಕಾರದಲ್ಲಿದೆ.

ಮೊದಲೇ ಒಂದು ಮಾತು. ಕಾಂಪೌಂಡ್ ಟರ್ಬೊ ಬೇರೆ, ಟರ್ಬೊ-ಕಾಂಪೌಂಡ್ ಬೇರೆ. ಎರಡನೆಯದರಲ್ಲಿ ಹೊಗೆಯಿಂದ ತಿರುಗುವ ಟರ್ಬೈನನ್ನು ಗೇರಿನ ಮೂಲಕ ಕ್ರ್ಯಾಂಕ್‌ಶಾಫ್ಟಿಗೇ ಜೋಡಿಸಿರುತ್ತಾರೆ. ರೈಟ್ ಆರ್-3350 ವಿಮಾನ ಎಂಜಿನ್ನಿನ ನಂತರದ ಮಾದರಿಗಳಲ್ಲಿ ಇದ್ದದ್ದು ಅದು. ಇಲ್ಲಿ ಹೇಳುತ್ತಿರುವುದು ಒಂದರ ಹಿಂದೊಂದು ಕೂರಿಸಿದ, ಒಂದು ಒತ್ತಿದ ಗಾಳಿಯನ್ನು ಇನ್ನೊಂದು ಮತ್ತೆ ಒತ್ತುವ ಎರಡು ಟರ್ಬೊಗಳ ಬಗ್ಗೆ.

ಗಾಳಿಯ ದಾರಿ, ಹೊಗೆಯ ದಾರಿ

ಗಾಳಿ ಫಿಲ್ಟರಿನಿಂದ ದೊಡ್ಡ ಟರ್ಬೊದ ಕಂಪ್ರೆಸರಿಗೆ (ಗಾಳಿ ಒತ್ತುವ ಭಾಗಕ್ಕೆ), ಅಲ್ಲಿಂದ ನಡುಪೈಪಿನ ಮೂಲಕ ಚಿಕ್ಕ ಟರ್ಬೊದ ಕಂಪ್ರೆಸರಿಗೆ, ಆಮೇಲೆ ಗಾಳಿ ತಣಿಸುವ ಇಂಟರ್‌ಕೂಲರ್ ದಾಟಿ ಎಂಜಿನ್ನಿಗೆ ಹೋಗುತ್ತದೆ. ಹೊಗೆಯ ದಾರಿ ಇದಕ್ಕೆ ತಿರುಗುಮುರುಗು: ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಮೊದಲು ಚಿಕ್ಕ ಟರ್ಬೈನ್, ಅದರಿಂದ ಹೊರಬಂದದ್ದು ದೊಡ್ಡ ಟರ್ಬೈನ್, ಕೊನೆಗೆ ಸೈಲೆನ್ಸರ್. ಆದ್ದರಿಂದ ಚಿಕ್ಕದು ಕಡಿಮೆ ಆರ್‌ಪಿಎಂನಲ್ಲೇ ಎದ್ದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ಆ ಗಾಳಿಗೆ ತಕ್ಕ ಡೀಸೆಲ್ ಉರಿದು ಹೊಗೆ ಹೆಚ್ಚಾದ ಮೇಲೆ ದೊಡ್ಡದು ಎಚ್ಚರಗೊಳ್ಳುತ್ತದೆ.

2004ರಲ್ಲಿ ಬಂದ ಬಿಎಂಡಬ್ಲ್ಯು 535ಡಿಯಲ್ಲೂ ಎರಡು ಅಳತೆಯ ಟರ್ಬೊಗಳಿದ್ದವು. ಆದರೆ ಅದರಲ್ಲಿ ಮೇಲಿನ ಆರ್‌ಪಿಎಂನಲ್ಲಿ ಚಿಕ್ಕದನ್ನು ಗಾಳಿಯ ಕಡೆಯಲ್ಲೂ ಹೊಗೆಯ ಕಡೆಯಲ್ಲೂ ಬೈಪಾಸ್ ಮಾಡಿ ದೊಡ್ಡದೊಂದರಿಂದಲೇ ಕೆಲಸ ಮಾಡಿಸುತ್ತಾರೆ. ಹೊರಗೆ ಕಟ್ಟಿಸುವ ಸಾಮಾನ್ಯ ಕಾಂಪೌಂಡ್ ಸೆಟಪ್ಪಿನಲ್ಲಿ ಕೊನೆಯವರೆಗೂ ಎರಡೂ ಒತ್ತುತ್ತಲೇ ಇರುತ್ತವೆ. ಕೆಳಗಿನ ಲೆಕ್ಕವೆಲ್ಲ ಇಂಥ ಸೆಟಪ್ಪಿನದು.

ಭಾಗಾಕಾರ

ಬೂಸ್ಟ್ ಗೇಜಿನ ಸೊನ್ನೆ ನಿಜವಾದ ಸೊನ್ನೆಯಲ್ಲ. ಸಮುದ್ರಮಟ್ಟದಲ್ಲಿ ಸುತ್ತಲಿನ ಗಾಳಿಯೇ 14.7 ಪಿಎಸ್‌ಐ ಒತ್ತಡ ಹಾಕುತ್ತಿರುತ್ತದೆ. ಗೇಜು ಅದರ ಮೇಲಿನ ಹೆಚ್ಚುವರಿಯನ್ನಷ್ಟೇ ತೋರಿಸುತ್ತದೆ. ಟರ್ಬೊಗೆ ಈ ಹೆಚ್ಚುವರಿಯ ಗೊಡವೆಯೇ ಇಲ್ಲ. ಒಳಬಂದ ಒತ್ತಡವನ್ನು ಎಷ್ಟು ಪಟ್ಟು ಮಾಡಬೇಕು ಎಂಬುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಪ್ರತಿ ಗೇಜಿನ ಅಂಕಿಗೂ ಮೊದಲು 14.7 ಕೂಡಿಸಿ ಅಬ್ಸೊಲ್ಯೂಟ್ ಒತ್ತಡ ಮಾಡಿಕೊಳ್ಳಿ. ಆಮೇಲೆ ಭಾಗಿಸಿ.

ದೊಡ್ಡ ಟರ್ಬೊ: 25 + 14.7 = 39.7. ಇದನ್ನು 14.7ರಿಂದ ಭಾಗಿಸಿದರೆ 2.70.
ಚಿಕ್ಕ ಟರ್ಬೊ: 60 + 14.7 = 74.7. ಇದನ್ನು 39.7ರಿಂದ ಭಾಗಿಸಿದರೆ 1.88.
ಎರಡನ್ನೂ ಗುಣಿಸಿದರೆ 5.08. ಸರಿ ಬಂತೇ ಎಂದು ನೋಡಲು 74.7ನ್ನು ನೇರವಾಗಿ 14.7ರಿಂದ ಭಾಗಿಸಿ, ಅದೇ 5.08 ಬರಬೇಕು.

1.88ರಲ್ಲಿ 1 ಕಳೆದು ಉಳಿದ 0.88ನ್ನು 14.7ರಿಂದ ಗುಣಿಸಿದರೆ ಸುಮಾರು 13. ಮೇಲೆ ಹೇಳಿದ 13 ಪಿಎಸ್‌ಐ ಬಂದದ್ದು ಹೀಗೆ. ಈಗಾಗಲೇ ಒತ್ತಿದ ಗಾಳಿ ಕೈಗೆ ಸಿಕ್ಕಾಗ ಸಣ್ಣ ಅನುಪಾತವೂ ಗೇಜಿನಲ್ಲಿ ದೊಡ್ಡ ಅಂಕಿಯಾಗಿ ಕಾಣುತ್ತದೆ. ಇದು ತಲೆಗೆ ಹೋಗದ ಕಾರಣಕ್ಕೇ ಎಷ್ಟೋ ಮಂದಿ ಬೂಸ್ಟ್ ಸಾಲದೆಂದು ಚಿಕ್ಕ ಟರ್ಬೊವನ್ನು ಹಿಂಡುತ್ತಾರೆ. ಬದಲಿಗೆ ನಡು ಒತ್ತಡವನ್ನು 3 ಪಿಎಸ್‌ಐ ಏರಿಸಿದ್ದರೆ ಸಾಕಿತ್ತು: ಚಿಕ್ಕದರ ಅನುಪಾತ 1.88ರಲ್ಲೇ ನಿಂತರೆ ಆ 3 ಪಿಎಸ್‌ಐ ಮ್ಯಾನಿಫೋಲ್ಡಿಗೆ ಬರುವ ಹೊತ್ತಿಗೆ 5.6 ಆಗಿರುತ್ತದೆ. ಸೋರಿಕೆಗೂ ಇದೇ ಲೆಕ್ಕ. ನಡುಪೈಪಿನಲ್ಲಿ ಕಳೆದುಕೊಂಡ ಪ್ರತಿ ಪಿಎಸ್‌ಐ ಕೊನೆಯಲ್ಲಿ ಸುಮಾರು ಎರಡಾಗಿ ಕಾಣೆಯಾಗುತ್ತದೆ.

ಟರ್ಬೊ ಕಂಪನಿಯ ಕಂಪ್ರೆಸರ್ ಮ್ಯಾಪಿನ (ಎಷ್ಟು ಗಾಳಿಗೆ, ಯಾವ ಅನುಪಾತದಲ್ಲಿ ಎಷ್ಟು ದಕ್ಷತೆ ಎಂದು ತೋರಿಸುವ ನಕ್ಷೆಯ) ಮೇಲೆ ಚುಕ್ಕಿ ಇಡಬೇಕಾದರೆ ಇಷ್ಟು ಒರಟು ಲೆಕ್ಕ ಸಾಲದು. ಮ್ಯಾಪಿನ ಅನುಪಾತ ಕಂಪ್ರೆಸರಿನ ಒಳಬಾಯಿಂದ ಹೊರಬಾಯಿಗೆ. ಫಿಲ್ಟರಿನಲ್ಲಿ ಅರ್ಧ ಪಿಎಸ್‌ಐ ಕಳೆದುಹೋದರೆ ದೊಡ್ಡ ಟರ್ಬೊಗೆ ಸಿಗುವುದು 14.7 ಅಲ್ಲ, 14.2, ಅನುಪಾತ 2.70ರಿಂದ 2.80ಕ್ಕೆ ಏರುತ್ತದೆ. ಇಂಟರ್‌ಕೂಲರಿನಲ್ಲಿ 3 ಪಿಎಸ್‌ಐ ಬಿದ್ದರೆ ಚಿಕ್ಕದು ನಿಜವಾಗಿ ಹೊರಹಾಕುತ್ತಿರುವುದು 63; ಅದರ ಅನುಪಾತ 1.96. ಮುಚ್ಚಿಹೋದ ಫಿಲ್ಟರ್ ಒಂದು ಟರ್ಬೊವನ್ನು ಹೇಗೆ ಸದ್ದಿಲ್ಲದೆ ಓವರ್‌ಸ್ಪೀಡಿಗೆ ತಳ್ಳುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ: ಗೇಜು ಮೊದಲಿನಷ್ಟೇ ತೋರಿಸುತ್ತಿರುತ್ತದೆ, ಶಾಫ್ಟು ಮಾತ್ರ ಹೆಚ್ಚು ತಿರುಗುತ್ತಿರುತ್ತದೆ. ಮುಂದಿನ ಲೆಕ್ಕಗಳಿಗೆ ಈ 2.80 ಮತ್ತು 1.96 ಅನ್ನೇ ಇಟ್ಟುಕೊಳ್ಳೋಣ.

ಬಿಸಿಯ ಲೆಕ್ಕ

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಎಷ್ಟು ಎಂದು ತಿಳಿಯಲು ಒಳಬರುವ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ತೆಗೆದುಕೊಳ್ಳಿ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿ. ಅನುಪಾತವನ್ನು 0.286ರ ಘಾತಕ್ಕೆ ಏರಿಸಿ 1 ಕಳೆಯಿರಿ. ಅದನ್ನು ಉಷ್ಣತೆಯಿಂದ ಗುಣಿಸಿ, ಕಂಪ್ರೆಸರಿನ ದಕ್ಷತೆಯಿಂದ ಭಾಗಿಸಿ. ಬಂದದ್ದೇ ಏರಿಕೆ.

30 ಡಿಗ್ರಿ ಗಾಳಿ, ಅನುಪಾತ 2.80, ದಕ್ಷತೆ ಶೇ. 75. ಏರಿಕೆ 138 ಡಿಗ್ರಿ. ದೊಡ್ಡ ಟರ್ಬೊದಿಂದ ಹೊರಬರುವ ಗಾಳಿ 168 ಡಿಗ್ರಿ. ಅದನ್ನೇ ತಣಿಸದೆ ಚಿಕ್ಕದಕ್ಕೆ ಕೊಟ್ಟರೆ, ಅನುಪಾತ 1.96, ದಕ್ಷತೆ ಶೇ. 72 ಇಟ್ಟುಕೊಂಡು, ಇನ್ನೊಂದು 130 ಡಿಗ್ರಿ ಸೇರಿ 298ಕ್ಕೆ ಮುಟ್ಟುತ್ತದೆ. ನಡುವೆ ಒಂದು ಇಂಟರ್‌ಕೂಲರ್ ಇಟ್ಟು 70 ಡಿಗ್ರಿಗೆ ಇಳಿಸಿ ಕೊಟ್ಟರೆ ಚಿಕ್ಕದರಿಂದ ಹೊರಬರುವುದು ಸುಮಾರು 171.

ಈ 298 ಡಿಗ್ರಿ ಹಗುರವಾಗಿ ನೋಡುವ ಅಂಕಿಯಲ್ಲ. ಅಲ್ಯೂಮಿನಿಯಂ ಕಂಪ್ರೆಸರ್ ಚಕ್ರ 200 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ದಿನವಿಡೀ ಲೋಡಿನಲ್ಲಿ ದುಡಿಯುವ ಎಂಜಿನ್ನಿಗೆ ಅದು ಆಯಸ್ಸಿನ ಪ್ರಶ್ನೆ. ಸಾಮಾನ್ಯ ಸಿಲಿಕೋನ್ ಹೋಸು ಈ ಬಿಸಿಗೆ ಮೆತ್ತಗಾಗಿ ಕ್ಲ್ಯಾಂಪಿನಿಂದ ಜಾರುತ್ತದೆ. ಹಾಗಾಗಿ ಚಿಕ್ಕ ಟರ್ಬೊದಿಂದ ಇಂಟರ್‌ಕೂಲರಿನವರೆಗಿನ ಪೈಪು ಲೋಹದ್ದೇ ಇರಲಿ, ತುದಿಗೆ ಉಬ್ಬು ಹೊಡೆದಿರಲಿ, ಜೋಡಣೆಗೆ ವಿ-ಬ್ಯಾಂಡ್ ಆದರೆ ಇನ್ನೂ ಒಳ್ಳೆಯದು. ಆಗೊಮ್ಮೆ ಈಗೊಮ್ಮೆ ಕೆಲವು ಸೆಕೆಂಡು ಪೂರ್ತಿ ತುಳಿಯುವ ಗಾಡಿಗೆ ನಡು ಇಂಟರ್‌ಕೂಲರ್ ಇಲ್ಲದೆಯೂ ನಡೆಯುತ್ತದೆ. ಭಾರ ಎಳೆಯುತ್ತಾ ಏರು ಹತ್ತುವ ಗಾಡಿಗೆ ಅದು ಬೇಕೇ ಬೇಕು. ಜಾಗ ತಿನ್ನುತ್ತದೆ, 1ರಿಂದ 2 ಪಿಎಸ್‌ಐ ನುಂಗುತ್ತದೆ, ಪೈಪಿನ ಗಾತ್ರ ಹೆಚ್ಚಿಸಿ ದೊಡ್ಡದು ಏಳುವುದನ್ನು ತುಸು ತಡಮಾಡುತ್ತದೆ ಎಂಬುದೆಲ್ಲ ನಿಜ. ಆದರೂ ಭಾರದ ಕೆಲಸಕ್ಕೆ ಲಾಭವೇ ಹೆಚ್ಚು.

ಈ ಲೆಕ್ಕದೊಳಗೆ ಇನ್ನೊಂದು ಸಂಗತಿ ಅಡಗಿದೆ. 2.80 ಮಾಡುವ ದೊಡ್ಡದರ ಗಾಳಿ 138 ಡಿಗ್ರಿ ಏರಿತು, 1.96 ಮಾಡುವ ಚಿಕ್ಕದರದು 130. ಅಂದರೆ ಎರಡೂ ಹೆಚ್ಚುಕಡಿಮೆ ಸಮನಾದ ಶಕ್ತಿಯನ್ನೇ ಹೊಗೆಯಿಂದ ಕೇಳುತ್ತಿವೆ. ಬಿಸಿ ಗಾಳಿಯನ್ನು ಒತ್ತುವುದು ತಣ್ಣನೆಯದನ್ನು ಒತ್ತುವುದಕ್ಕಿಂತ ದುಬಾರಿ. ನಡುವೆ ತಣಿಸಿದರೆ ಚಿಕ್ಕದು ಕೇಳುವ ಶಕ್ತಿ ಸುಮಾರು ಐದನೇ ಒಂದರಷ್ಟು ಇಳಿಯುತ್ತದೆ, ಅದರೊಂದಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡವೂ ಇಳಿಯುತ್ತದೆ. ಎರಡನೇ ಮಹಾಯುದ್ಧದ ಪಿ-38 ವಿಮಾನದಲ್ಲಿ ಟರ್ಬೊ ಒತ್ತಿದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ತಣಿಸಿಯೇ ಎಂಜಿನ್ನಿನ ಸ್ವಂತ ಸೂಪರ್‌ಚಾರ್ಜರಿಗೆ ಕೊಡುತ್ತಿದ್ದರು.

ಚಿಕ್ಕದು ಎಷ್ಟು ಚಿಕ್ಕದಿರಬೇಕು

6 ಲೀಟರಿನ ಡೀಸೆಲ್ ಎಂಜಿನ್, 3000 ಆರ್‌ಪಿಎಂ ಎಂದುಕೊಳ್ಳಿ. ಫೋರ್-ಸ್ಟ್ರೋಕ್ ಆದ್ದರಿಂದ ನಿಮಿಷಕ್ಕೆ 1500 ಸಲ ಗಾಳಿ ಎಳೆಯುತ್ತದೆ: 9000 ಲೀಟರ್. ತುಂಬುವ ಸಾಮರ್ಥ್ಯ ಶೇ. 90 ಅಂದರೆ 8.1 ಘನ ಮೀಟರ್. ಮ್ಯಾನಿಫೋಲ್ಡಿನಲ್ಲಿ 74.7 ಪಿಎಸ್‌ಐ ಅಬ್ಸೊಲ್ಯೂಟ್, 65 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 5.3 ಕಿಲೊ. ಗುಣಿಸಿದರೆ ನಿಮಿಷಕ್ಕೆ 43 ಕಿಲೊ. ಮ್ಯಾಪುಗಳ ಭಾಷೆಯಲ್ಲಿ ನಿಮಿಷಕ್ಕೆ 95 ಪೌಂಡ್.

ಈ 95 ಪೌಂಡೂ ಎರಡೂ ಟರ್ಬೊಗಳ ಮೂಲಕವೇ ಹೋಗಬೇಕು. ದೊಡ್ಡದನ್ನು ಆರಿಸುವುದು ಸುಲಭ: ಅನುಪಾತ 2.8ರಲ್ಲಿ 95 ಪೌಂಡ್ ಒಳ್ಳೆಯ ದಕ್ಷತೆಯಲ್ಲಿ ಕೊಡುವಂಥದ್ದು. ಚಿಕ್ಕದರ ಮ್ಯಾಪ್ ತೆರೆದು ನೋಡಿದರೆ 60 ಪೌಂಡಿಗೇ ಮುಗಿದುಹೋಗಿರುತ್ತದೆ. ಇದು ಹೇಗೆ ಸಾಕಾಗುತ್ತದೆ ಎಂದು ಗಾಬರಿ ಬೇಡ. ಚಿಕ್ಕದಕ್ಕೆ ಬರುವ ಗಾಳಿ ಆಗಲೇ ಒತ್ತಿ ಅಡಕವಾಗಿದೆ, ತೂಕ ಅಷ್ಟೇ ಇದ್ದರೂ ಜಾಗ ಕಡಿಮೆ ಸಾಕು. ಮ್ಯಾಪಿನ ಮೇಲೆ ಇಡುವ ಮೊದಲು ತಿದ್ದುಪಡಿ ಮಾಡಬೇಕು: 95ನ್ನು, ಒಳಬರುವ ಕೆಲ್ವಿನ್ ಉಷ್ಣತೆಯನ್ನು 303ರಿಂದ ಭಾಗಿಸಿ ತೆಗೆದ ವರ್ಗಮೂಲದಿಂದ ಗುಣಿಸಿ, ಒಳಬರುವ ಒತ್ತಡವನ್ನು 13.95ರಿಂದ ಭಾಗಿಸಿದ ಅಂಕಿಯಿಂದ ಭಾಗಿಸಿ. ಈ 303 ಮತ್ತು 13.95 ಗ್ಯಾರೆಟ್ ಮ್ಯಾಪುಗಳ ಆಧಾರ ಅಂಕಿಗಳು. ಬೇರೆ ಕಂಪನಿಯದಾದರೆ ಮ್ಯಾಪಿನ ಮೂಲೆಯಲ್ಲಿ ಬರೆದದ್ದನ್ನು ಬಳಸಿ. ನಮ್ಮ ಉದಾಹರಣೆಯಲ್ಲಿ 441 ಕೆಲ್ವಿನ್, 39.7 ಪಿಎಸ್‌ಐ. ಉತ್ತರ ಸುಮಾರು 40 ಪೌಂಡ್. 40 ಪೌಂಡ್, ಅನುಪಾತ 1.96: ಮ್ಯಾಪಿನ ನಡುಮಧ್ಯ.

ಈ ಲೆಕ್ಕ ಮಾಡದೆ ಕೈಗೆ ಸಿಕ್ಕ ಎರಡು ಟರ್ಬೊ ಜೋಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಚಿಕ್ಕದು ತೀರಾ ಚಿಕ್ಕದಾದರೆ ಮೇಲಿನ ಆರ್‌ಪಿಎಂನಲ್ಲಿ ಅದೇ ಬಿರಡೆಯಾಗುತ್ತದೆ. ದೊಡ್ಡದು ತೀರಾ ದೊಡ್ಡದಾದರೆ ಅದು ಏಳುವ ಹೊತ್ತಿಗೆ ಚಿಕ್ಕದು ಒಂಟಿಯಾಗಿ ಮಿತಿ ದಾಟಿ ತಿರುಗಿರುತ್ತದೆ.

ಡ್ರೈವ್ ಪ್ರೆಶರ್: ಮೂರನೆಯ, ನಾಲ್ಕನೆಯ ಗೇಜು

ಬೂಸ್ಟ್ ಪುಕ್ಕಟೆ ಬರುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕಟ್ಟಿಕೊಳ್ಳುವ ಒತ್ತಡವೇ, ಅಂದರೆ ಡ್ರೈವ್ ಪ್ರೆಶರೇ, ಅದರ ಬೆಲೆ. ಬೂಸ್ಟ್ 60 ಇರುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ 75 ಇದ್ದರೆ 1.25 ಪಟ್ಟು, ಬೀದಿಯ ಗಾಡಿಗೆ ಒಳ್ಳೆಯ ಅಂಕಿ. 1.5 ದಾಟಿದರೆ ಏನೋ ತಪ್ಪಾಗಿದೆ. 2ಕ್ಕೆ ಹೋದರೆ ಸಿಲಿಂಡರಿನಲ್ಲಿ ಹಳೆಯ ಹೊಗೆ ಉಳಿಯುತ್ತದೆ, ಎಕ್ಸಾಸ್ಟ್ ಉಷ್ಣತೆ ಏರುತ್ತದೆ, ಎಕ್ಸಾಸ್ಟ್ ವಾಲ್ವು ಸ್ಪ್ರಿಂಗಿಗೆ ವಿರುದ್ಧವಾಗಿ ತಾನಾಗಿ ಬಾಯಿ ಬಿಡಲೂಬಹುದು.

ಎರಡು ಟರ್ಬೈನ್‌ಗಳ ನಡುವೆಯೂ ಒಂದು ಗೇಜು ಹಾಕಿ. ಅಲ್ಲಿ 28 ಇದೆ, ದೊಡ್ಡ ಟರ್ಬೈನಿನ ಹಿಂದೆ ಸೈಲೆನ್ಸರ್ ಪೈಪಿನಲ್ಲಿ 1 ಇದೆ ಎನ್ನೋಣ. ಚಿಕ್ಕ ಟರ್ಬೈನಿನ ಅನುಪಾತ 89.7 ಭಾಗಿಸು 42.7, ಅಂದರೆ 2.10. ದೊಡ್ಡದರದು 42.7 ಭಾಗಿಸು 15.7, ಅಂದರೆ 2.72. ಗಾಳಿಯ ಕಡೆಯಂತೆ ಇಲ್ಲೂ ಎರಡು ಅನುಪಾತಗಳ ಗುಣಾಕಾರವೇ ಒಟ್ಟು. ಈ ಗೇಜಿಲ್ಲದೆ ಡ್ರೈವ್ ಪ್ರೆಶರ್ ಹೆಚ್ಚಾದಾಗ ಯಾವ ಟರ್ಬೈನ್ ಅಡ್ಡ ನಿಂತಿದೆ ಎಂದು ಹೇಳಲು ಆಗುವುದಿಲ್ಲ; ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ತಪ್ಪಿಲ್ಲದ ಹೌಸಿಂಗನ್ನು ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಗೇಜು ಕೂರಿಸುವ ಕ್ರಮ:

1. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿಟ್ಟೇ ರಂಧ್ರ ಕೊರೆದು 1/8 ಇಂಚಿನ ಪೈಪ್ ಥ್ರೆಡ್ ಹಾಕಿ. ಗಾಡಿಯ ಮೇಲೇ ಕೊರೆದರೆ ಲೋಹದ ಪುಡಿ ನೇರ ಟರ್ಬೈನಿಗೆ.
2. ಅಲ್ಲಿಂದ ಸುಮಾರು 1 ಮೀಟರ್ ತಾಮ್ರದ ಅಥವಾ ಸ್ಟೀಲಿನ ಸಣ್ಣ ಕೊಳವೆಯನ್ನು ಸುರುಳಿ ಸುತ್ತಿ ಎಳೆಯಿರಿ. ಬಿಸಿ ಅದರಲ್ಲೇ ಇಳಿಯುತ್ತದೆ. ರಬ್ಬರ್ ಹೋಸು ಆಮೇಲೆ. ಕೊಳವೆ ಮೇಲ್ಮುಖವಾಗಿರಲಿ, ಕೆಳಗೆ ಬಳುಕಿದರೆ ನೀರೂ ಮಸಿಯೂ ಅಲ್ಲಿ ಕಟ್ಟಿಕೊಳ್ಳುತ್ತವೆ.
3. ನಡುಪೈಪಿನ ಗೇಜಿನ ಕಿಂಡಿಯನ್ನು ಬಾಗಿನ ಹೊರಮೈಯಲ್ಲಿ ಕೊರೆಯಬೇಡಿ. ಅಲ್ಲಿ ಗಾಳಿ ಬಡಿಯುವುದರಿಂದ ಅಂಕಿ ಹೆಚ್ಚು ಬರುತ್ತದೆ. ನೇರ ಪೈಪಿನ ಪಕ್ಕದಲ್ಲಿ, ಒಳಗೆ ಮೂತಿ ಚಾಚದಂತೆ ಇರಬೇಕು.
4. ಸೆನ್ಸರ್ ಹಾಕುವುದಾದರೆ ಅದರ ಮಿತಿ ನೋಡಿ. ಎಷ್ಟೋ ಗಾಡಿಗಳ ಮೂಲ ಮ್ಯಾಪ್ ಸೆನ್ಸರ್ (ಇದು ಮ್ಯಾನಿಫೋಲ್ಡಿನ ಅಬ್ಸೊಲ್ಯೂಟ್ ಒತ್ತಡ ಅಳೆಯುವುದು, ಕಂಪ್ರೆಸರ್ ಮ್ಯಾಪಿಗೂ ಇದಕ್ಕೂ ಸಂಬಂಧವಿಲ್ಲ) 3 ಬಾರ್ ಅಬ್ಸೊಲ್ಯೂಟಿನದು; 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಗೇಜಿನ ಲೆಕ್ಕದಲ್ಲಿ 29 ಪಿಎಸ್‌ಐಗೇ ಅದರ ಕಣ್ಣು ಮುಚ್ಚುತ್ತದೆ. 60 ಪಿಎಸ್‌ಐ ಓದಲು ಕನಿಷ್ಠ 6 ಬಾರಿನದು ಬೇಕು, 7 ಆದರೆ ನಿರಾಳ.
5. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ. ಎಲ್ಲ ಅಬ್ಸೊಲ್ಯೂಟ್ ಸೆನ್ಸರುಗಳೂ ಆ ಜಾಗದ ವಾಯುಭಾರವನ್ನೇ, ಒಂದೇ ಅಂಕಿಯಲ್ಲಿ, ತೋರಿಸಬೇಕು. ಅರ್ಧ ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಮಾಡಿ.

ವೇಸ್ಟ್‌ಗೇಟು

ವೇಸ್ಟ್‌ಗೇಟು ಎಂದರೆ ಹೊಗೆಯನ್ನು ಟರ್ಬೈನಿಗೆ ಕೊಡದೆ ಪಕ್ಕದಿಂದ ಬಿಡುವ ಕವಾಟ. ಚಿಕ್ಕ ಟರ್ಬೊದ ವೇಸ್ಟ್‌ಗೇಟಿನಿಂದ ಹೊರಬಿದ್ದ ಹೊಗೆ ದೊಡ್ಡ ಟರ್ಬೈನಿನ ಬಾಯಿಗೇ ಸೇರಬೇಕು. ಅದನ್ನು ಸೈಲೆನ್ಸರಿಗೋ ಹೊರಗಾಳಿಗೋ ಬಿಟ್ಟರೆ ದೊಡ್ಡದಕ್ಕೆ ಊಟವೇ ಇಲ್ಲ. ಗೇಟು ತೆರೆದ ಕ್ಷಣ ನಡು ಒತ್ತಡ ಕುಸಿಯುತ್ತದೆ, ಅದರ ಹಿಂದೆಯೇ ಬೂಸ್ಟೂ. ದೊಡ್ಡದಕ್ಕೆ ಗೇಟು ಇದ್ದರೆ ಅದರದು ಮಾತ್ರ ಹೊರಕ್ಕೆ.

ಗೇಟಿನ ಡಯಾಫ್ರಾಮಿಗೆ ಒತ್ತಡದ ಲೈನ್ ಎಲ್ಲಿಂದ ಕೊಡಬೇಕು ಎಂಬುದು ಹಳೆಯ ಜಗಳ. ಮ್ಯಾನಿಫೋಲ್ಡಿನಿಂದ ಕೊಟ್ಟರೆ ಒಟ್ಟು ಬೂಸ್ಟ್ ನೇರ ಹಿಡಿತಕ್ಕೆ ಬರುತ್ತದೆ, ಆದರೆ 60 ಪಿಎಸ್‌ಐ ತಡೆಯುವ ಸ್ಪ್ರಿಂಗು ಸಾಮಾನ್ಯ ಗೇಟುಗಳಿಗೆ ಸಿಗುವುದಿಲ್ಲ. ರೆಗ್ಯುಲೇಟರೋ ಎಲೆಕ್ಟ್ರಾನಿಕ್ ಕಂಟ್ರೋಲರೋ ಇಲ್ಲದೆ ಆಗದು. ನಡುಪೈಪಿನಿಂದ ಕೊಟ್ಟರೆ 15ರಿಂದ 25 ಪಿಎಸ್‌ಐ ಆಸುಪಾಸಿನ ಮಾಮೂಲಿ ಸ್ಪ್ರಿಂಗು ಸಾಕು. ದೊಡ್ಡದು ಏಳುತ್ತಿದ್ದಂತೆ ಗೇಟು ತಾನಾಗಿ ತೆರೆದು ಚಿಕ್ಕದರ ಹೊರೆಯನ್ನು ಇಳಿಸುತ್ತದೆ. ಸರಳವಾಗಿ ಕಟ್ಟುವವರಿಗೆ ಎರಡನೆಯ ದಾರಿಯೇ ವಾಸಿ. ಅದರ ಕೊರತೆಯೂ ಗೊತ್ತಿರಲಿ: ನಡುಪೈಪು ಸೋರಿದರೆ ಗೇಟು ತೆರೆಯುವುದೇ ಇಲ್ಲ, ಚಿಕ್ಕ ಟರ್ಬೊ ಹಿಡಿತವಿಲ್ಲದೆ ಓಡುತ್ತದೆ.

ಸ್ಪ್ರಿಂಗಿನ ಮೇಲೆ ಬರೆದ ಅಂಕಿಯಲ್ಲೇ ಗೇಟು ತೆರೆಯುತ್ತದೆ ಎಂದು ನಂಬಬೇಡಿ. 50 ಎಂಎಂ ವಾಲ್ವಿನ ಮುಖದ ವಿಸ್ತೀರ್ಣ ಸುಮಾರು 3 ಚದರ ಇಂಚು. ಮುಂದೆ 75, ಹಿಂದೆ 28 ಪಿಎಸ್‌ಐ, ವ್ಯತ್ಯಾಸ 47. ಅಂದರೆ ಹೊಗೆಯೊಂದೇ ಸುಮಾರು 65 ಕಿಲೊ ಬಲದಿಂದ ಆ ವಾಲ್ವನ್ನು ತೆರೆಯಲು ತಳ್ಳುತ್ತಿದೆ. ಒಂಟಿ ಟರ್ಬೊದಲ್ಲಿ ಹಿಂದಿನ ಒತ್ತಡ ಬರೀ 1 ಇರುತ್ತಿತ್ತು, ತಳ್ಳುವಿಕೆ 100 ಕಿಲೊ ದಾಟುತ್ತಿತ್ತು. ಆದ್ದರಿಂದ ಒಂಟಿ ಟರ್ಬೊದಲ್ಲಿ ಹೊಂದಿಸಿಟ್ಟಿದ್ದ ಗೇಟನ್ನು ಹಾಗೆಯೇ ತಂದು ಕಾಂಪೌಂಡಿಗೆ ಹಾಕಿದರೆ ಅದು ಬೇರೆ ಅಂಕಿಯಲ್ಲೇ ತೆರೆಯುತ್ತದೆ. ಬೇಗ ತೆರೆದು ಬೂಸ್ಟ್ ಸೋರುತ್ತಿದ್ದರೆ ಗೇಟಿನ ಮೇಲ್ಭಾಗದ ಪೋರ್ಟಿಗೆ ರೆಗ್ಯುಲೇಟರ್ ಮೂಲಕ ಸ್ವಲ್ಪ ಒತ್ತಡ ಕೊಟ್ಟು ಮುಚ್ಚಿ ಹಿಡಿಯಬಹುದು.

ಒಂದು ಓಟವನ್ನು ಓದುವುದು

ಮೇಲಿನ ಗೇರಿನಲ್ಲಿ ಪೂರ್ತಿ ತುಳಿದು ದಾಖಲಿಸಿದ ಓಟ ಹೀಗಿದೆ ಎಂದುಕೊಳ್ಳಿ. ಮೊದಲ ಅಂಕಿ ಮ್ಯಾನಿಫೋಲ್ಡ್, ಎರಡನೆಯದು ನಡುಪೈಪು. ಅನುಪಾತಗಳು ಇಲ್ಲಿ ಮತ್ತೆ ಗೇಜಿನ ಒರಟು ಲೆಕ್ಕದವು.

1400 ಆರ್‌ಪಿಎಂ: 12 ಮತ್ತು 1. ಚಿಕ್ಕದು 1.70, ದೊಡ್ಡದು 1.07.
1900 ಆರ್‌ಪಿಎಂ: 38 ಮತ್ತು 12. ಚಿಕ್ಕದು 1.97, ದೊಡ್ಡದು 1.82.
2600 ಆರ್‌ಪಿಎಂ: 60 ಮತ್ತು 25. ಚಿಕ್ಕದು 1.88, ದೊಡ್ಡದು 2.70.
3200 ಆರ್‌ಪಿಎಂ: 58 ಮತ್ತು 30. ಚಿಕ್ಕದು 1.63, ದೊಡ್ಡದು 3.04.

ಬೂಸ್ಟ್ ಗೇಜನ್ನಷ್ಟೇ ನೋಡುವವರಿಗೆ ಕೊನೆಯಲ್ಲಿ 60 ಹೋಗಿ 58 ಆಯಿತು, ಅಷ್ಟೇ. ಅನುಪಾತ ನೋಡಿದರೆ ಕತೆಯೇ ಬೇರೆ: ಚಿಕ್ಕದು ಕೈಬಿಡುತ್ತಿದೆ, ದೊಡ್ಡದು 3 ದಾಟಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಡ್ರೈವ್ ಪ್ರೆಶರ್ ಹೇಳಬೇಕು. 3200ರಲ್ಲೂ ಅದು 75ರ ಹತ್ತಿರವೇ ನಿಂತಿದ್ದರೆ ಗೇಟು ತೆರೆದು ಹೊಗೆಯನ್ನು ದೊಡ್ಡದರ ಕಡೆ ಸಾಗಿಸುತ್ತಿದೆ, ಬೇಕಾದದ್ದೇ ನಡೆದಿದೆ. 95ಕ್ಕೆ ಜಿಗಿದಿದ್ದರೆ ಚಿಕ್ಕ ಟರ್ಬೈನಿನ ಗಂಟಲು ಕಟ್ಟಿದೆ, ಗೇಟು ಸಾಲುತ್ತಿಲ್ಲ. ದೊಡ್ಡ ಗೇಟು ಅಥವಾ ಚಿಕ್ಕದಕ್ಕೆ ಒಂದಳತೆ ದೊಡ್ಡ ಟರ್ಬೈನ್ ಹೌಸಿಂಗ್ ಬೇಕು. ಚಿಕ್ಕದರ ಅನುಪಾತ 1ರ ಹತ್ತಿರ ಬಂದರೆ ಅದು ಟರ್ಬೊ ಆಗಿ ಉಳಿದಿಲ್ಲ, ಪೈಪಿನೊಳಗಿನ ಅಡ್ಡಿಯಾಗಿದೆ. ಗೇಟು ತೆರೆದೇ ಸಿಕ್ಕಿಕೊಂಡಾಗಲೂ ಇದೇ ಲಕ್ಷಣ ಕಾಣುತ್ತದೆ, ಆದರೆ ಆಗ 1400ರಲ್ಲಿ ಬರಬೇಕಿದ್ದ 12 ಕೂಡ ಬಂದಿರುವುದಿಲ್ಲ.

ತಿರುಗಾ ಲಕ್ಷಣವೂ ಉಂಟು. ಮ್ಯಾನಿಫೋಲ್ಡಿನಲ್ಲಿ ಬೂಸ್ಟ್ ಸರಿಯಾಗೇ ಇದೆ, ನಡು ಒತ್ತಡ ಮಾತ್ರ 12ರ ಮೇಲೆ ಏರುತ್ತಿಲ್ಲ, ಚಿಕ್ಕದರ ಅನುಪಾತ 2.5 ದಾಟುತ್ತಿದೆ. ಚಿಕ್ಕದನ್ನು ಕೊಲ್ಲುತ್ತಿರುವ ಸ್ಥಿತಿ ಇದು. ಮೊದಲು ನಡುಪೈಪಿನ ಕ್ಲ್ಯಾಂಪುಗಳು, ಆಮೇಲೆ ಎರಡು ಟರ್ಬೈನ್‌ಗಳ ನಡುವಿನ ಬೆಲ್ಲೋಸು ಮತ್ತು ಫ್ಲ್ಯಾಂಜು; ಅಲ್ಲಿ ಕಪ್ಪು ಮಸಿ ಕಂಡರೆ ಹೊಗೆ ಸೋರುತ್ತಿದೆ. ಎರಡೂ ಗಟ್ಟಿಯಾಗಿದ್ದರೆ ದೊಡ್ಡ ಟರ್ಬೊದ ಟರ್ಬೈನ್ ಹೌಸಿಂಗಿನ ಎ/ಆರ್ (ಹೊಗೆ ಹಾಯುವ ದಾರಿ ಎಷ್ಟು ಅಗಲ ಎಂಬುದರ ಅಳತೆ) ಹೆಚ್ಚಾಯಿತೆಂದೇ ಅರ್ಥ.

ಗಾಳಿಯ ಸೋರಿಕೆ ಪರೀಕ್ಷೆಗೆ ದೊಡ್ಡ ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು, ರೆಗ್ಯುಲೇಟರ್ ಮೂಲಕ ನಿಧಾನವಾಗಿ 20 ಪಿಎಸ್‌ಐ ತುಂಬಿ ಸೋಪುನೀರು ಹಚ್ಚಿ ನೋಡಿ. ಮುಚ್ಚಳದ ಎದುರಿಗೆ ನಿಲ್ಲಬೇಡಿ, ಹಾರಿದರೆ ಮೂಳೆ ಮುರಿಯುತ್ತದೆ. ಆಯಿಲ್ ಫಿಲ್ಲರ್ ಕ್ಯಾಪು ತೆಗೆದಿಡಿ; ತೆರೆದಿರುವ ವಾಲ್ವಿನಿಂದ ರಿಂಗುಗಳ ಮೂಲಕ ಇಳಿದ ಗಾಳಿ ಕ್ರ್ಯಾಂಕ್‌ಕೇಸಿನಲ್ಲಿ ಕಟ್ಟಿಕೊಂಡರೆ ಸೀಲುಗಳು ಹೊರಬರುತ್ತವೆ.

ಪೆಟ್ರೋಲ್ ಎಂಜಿನ್ನಾದರೆ ಒತ್ತಿದ ಗಾಳಿಯನ್ನು ಹೊರಬಿಡುವ ಬ್ಲೋ-ಆಫ್ ವಾಲ್ವು ಥ್ರಾಟಲಿನ ಮುಂದೆ ಇದ್ದರಷ್ಟೇ ಸಾಲದು. ನಡುಪೈಪು ಉದ್ದವಿದ್ದರೆ ಅಲ್ಲೂ ಒಂದು ಬೇಕು, ಇಲ್ಲದಿದ್ದರೆ ಥ್ರಾಟಲ್ ಮುಚ್ಚಿದಾಗ ದೊಡ್ಡ ಚಕ್ರ ಸರ್ಜ್ ಹೊಡೆಯುತ್ತದೆ, ಅಂದರೆ ಗಾಳಿ ಅದರ ಮೂಲಕ ಹಿಂದಕ್ಕೆ ನುಗ್ಗುತ್ತದೆ.

ಎತ್ತರಕ್ಕೆ ಹೋದಾಗ

2000 ಮೀಟರ್ ಎತ್ತರದಲ್ಲಿ ಸುತ್ತಲಿನ ಒತ್ತಡ 14.7 ಅಲ್ಲ, 11.5. ಗೇಟು ಮತ್ತು ಕಂಟ್ರೋಲರು ಗೇಜಿನ ಅಂಕಿಯನ್ನೇ ಹಿಡಿದು ನಡು ಒತ್ತಡ 25, ಮ್ಯಾನಿಫೋಲ್ಡ್ 60 ಎಂದು ಹಟ ಮಾಡಿದರೆ ಏನಾಗುತ್ತದೆ ನೋಡಿ. ಫಿಲ್ಟರ್ ದಾಟಿ ದೊಡ್ಡದಕ್ಕೆ ಸಿಗುವುದು 11.0, ಅದು ಮಾಡಬೇಕಾದದ್ದು 36.5. ಅನುಪಾತ 2.80ರಿಂದ 3.32ಕ್ಕೆ ಹಾರಿತು. ಚಿಕ್ಕದು 1.96ರಿಂದ 2.04ಕ್ಕೆ ಏರಿತಷ್ಟೇ. ಎತ್ತರದ ಹೊರೆ ಬಹುಪಾಲು ದೊಡ್ಡ ಟರ್ಬೊದ ಹೆಗಲಿಗೇ ಬೀಳುತ್ತದೆ, ಗೇಜಿನಲ್ಲಿ ಮಾತ್ರ ಒಂದು ಅಂಕಿಯೂ ಬದಲಾಗಿರುವುದಿಲ್ಲ. ಬಯಲಿನಲ್ಲಿ ಮ್ಯಾಪಿನ ಅಂಚಿಗೆ ಹೊಂದಿಸಿಟ್ಟ ದೊಡ್ಡ ಟರ್ಬೊ ಘಟ್ಟ ಹತ್ತಿದ ಮೇಲೆ ಚಕ್ರ ಒಡೆದುಕೊಳ್ಳುವುದು ಹೀಗೆ.

ಅನುಪಾತ 2.80 ಮತ್ತು 1.96ರಲ್ಲೇ ಉಳಿಯಬೇಕಾದರೆ ಅಲ್ಲಿ ನಡು ಒತ್ತಡ ಸುಮಾರು 19.5ಕ್ಕೆ, ಮ್ಯಾನಿಫೋಲ್ಡ್ 46-47ಕ್ಕೆ ಇಳಿಯಬೇಕು. ಡೀಸೆಲನ್ನೂ ಅದಕ್ಕೆ ತಕ್ಕಂತೆ ಕಡಿತ ಮಾಡಿ, ಇಲ್ಲವಾದರೆ ಎಕ್ಸಾಸ್ಟ್ ಉಷ್ಣತೆ ಏರುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣವಿದ್ದರೆ ವಾಯುಭಾರ ಸೆನ್ಸರಿನ ಆಧಾರದ ಮೇಲೆ ಗುರಿಯನ್ನು ಅನುಪಾತದಲ್ಲೇ ಬರೆಯಿಸಿ. ಕೈಯಿಂದ ತಿರುಗಿಸುವ ಕಂಟ್ರೋಲರಾದರೆ ಎತ್ತರಕ್ಕೊಂದು, ಬಯಲಿಗೊಂದು ಗುರುತು ಹಾಕಿಟ್ಟುಕೊಳ್ಳಿ.

ಆಯಿಲಿನ ಕಡೆ

ಐಡಲಿನಲ್ಲೂ ಕಡಿಮೆ ಲೋಡಿನಲ್ಲೂ ದೊಡ್ಡ ಟರ್ಬೊ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಚಿಕ್ಕದು ಅದರ ಮೂಲಕ ಗಾಳಿ ಎಳೆಯುತ್ತಿರುತ್ತದೆ. ಆಗ ದೊಡ್ಡದರ ಕಂಪ್ರೆಸರ್ ಹಿಂದೆ ಒತ್ತಡದ ಬದಲು ಸಣ್ಣ ಎಳೆತವಿರುತ್ತದೆ, ಸೀಲಿನಿಂದ ಆಯಿಲ್ ನಡುಪೈಪಿಗೆ ಜಿನುಗುತ್ತದೆ. ಹೊಸ ಟರ್ಬೊದಲ್ಲೂ ಇದು ಕಾಣುವುದುಂಟು. ಪೈಪು ತೇವವಾಗಿದೆ ಎಂದ ಮಾತ್ರಕ್ಕೆ ಟರ್ಬೊ ಕೆಟ್ಟಿದೆ ಎನ್ನಬೇಡಿ. ಮೊದಲು ಫಿಲ್ಟರ್ ಮುಚ್ಚಿಹೋಗಿದೆಯೇ, ಡ್ರೇನ್ ಸರಾಗವಾಗಿದೆಯೇ, ಕ್ರ್ಯಾಂಕ್‌ಕೇಸಿನ ಉಸಿರಾಟ ಸರಿಯಿದೆಯೇ ನೋಡಿ. ಡ್ರೇನಿನ ಒಳವ್ಯಾಸ 16 ಎಂಎಂಗಿಂತ ಕಡಿಮೆ ಬೇಡ, ಇಳಿಜಾರು ಎಲ್ಲೂ ಮೇಲಕ್ಕೆ ತಿರುಗಬಾರದು, ಸಂಪಿನಲ್ಲಿ ಆಯಿಲ್ ಮಟ್ಟದ ಮೇಲೆಯೇ ಸೇರಬೇಕು. ಜಾಗ ಸಾಲದೆ ದೊಡ್ಡ ಟರ್ಬೊವನ್ನು ಸಂಪಿಗಿಂತ ಕೆಳಗೆ ತೂಗಿಸಿದ್ದರೆ ಆಯಿಲನ್ನು ಎಳೆದು ಸಂಪಿಗೆ ಮರಳಿಸುವ ಸ್ಕ್ಯಾವೆಂಜ್ ಪಂಪು ಇಲ್ಲದೆ ದಾರಿಯಿಲ್ಲ, ಮತ್ತು ಆ ಪಂಪಿನ ಫ್ಯೂಸು ಹೋದರೆ ಎಚ್ಚರಿಸುವ ಒಂದು ದೀಪ ಡ್ಯಾಶ್‌ಬೋರ್ಡಿನಲ್ಲಿ ಇರಲೇಬೇಕು.